ಗುಂಡ್ಲುಪೇಟೆ ಹೆದ್ದಾರಿಯ ‘ಬ್ರೇಕ್ ಡೌನ್’

ಕ್ರಿಯಾಪದವೊಂದು ‘ಅಪ್’, ‘ಡೌನ್’, ‘ಔಟ್’ನಂತಹ ಚಿಕ್ಕ ಅವ್ಯಯದೊಡನೆ ಕೂಡಿ ಹೊಸ ಅರ್ಥ ಪಡೆದರೆ ಅದನ್ನು ಇಂಗ್ಲಿಷ್ ವ್ಯಾಕರಣವು ‘ಫ್ರೇಸಲ್ ವರ್ಬ್’ ಎನ್ನುತ್ತದೆ. ‘ಬ್ರೇಕ್ ಡೌನ್’ ಅಂಥದ್ದೊಂದು; ವಾಹನ ಕೆಟ್ಟುನಿಲ್ಲುವುದು ಅದರ ಒಂದು ಅರ್ಥ. ಗುಂಡ್ಲುಪೇಟೆಯಿಂದ ಊಟಿಗೂ ವಯನಾಡಿಗೂ ಸಾಗುವ ಹೆದ್ದಾರಿಗಳು ಬಂಡೀಪುರದ ಕಾಡನ್ನು ಹಾಯುವುದರಿಂದಲೂ 2009ರಿಂದ ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿರುವುದರಿಂದಲೂ ಲಾರಿಯೊಂದು ಕೆಟ್ಟುನಿಲ್ಲುವುದು ಈ ಭಾಗದಲ್ಲಿ ಸಣ್ಣ ಸಂಗತಿಯಲ್ಲ. ಚಾಲಕರು ಅದನ್ನು ‘ಬ್ರೇಕ್‌ಡೌನ್ ಆಗಿದೆ’ ಎನ್ನುವಾಗ ಇಂಗ್ಲಿಷಿನ ಕ್ರಿಯೆ ಕನ್ನಡದಲ್ಲಿ ನಾಮಪದವಾಗಿ, ‘ಆಗು’ ಎಂಬ ಕ್ರಿಯೆಯ ಆಸರೆ ಪಡೆದಿರುತ್ತದೆ. ಕನ್ನಡದ್ದೇ ಆದ ‘ಕೆಟ್ಟುನಿಲ್ಲು’ ಎಂಬಲ್ಲಿ ‘ಕೆಟ್ಟು’ ಎಂಬ ಕೃದಂತದ, ಅಂದರೆ ಕ್ರಿಯೆಯಿಂದ ಹುಟ್ಟಿದ ಅಪೂರ್ಣ ರೂಪದ, ಮುಂದೆ ಮತ್ತೊಂದು ಕ್ರಿಯೆಯೇ ಬರುತ್ತದೆ. ಇಂಗ್ಲಿಷಿನಲ್ಲಿ ಆ ಸ್ಥಾನ ಅವ್ಯಯದ್ದು.

ಮಾತುಕತೆ ಮುರಿದುಬೀಳುವುದು, ದುಃಖ ತಡೆಯಲಾರದೆ ಅಳುವುದು, ಬಾಗಿಲನ್ನು ಒಡೆದು ಕೆಡಹುವುದು, ಖರ್ಚನ್ನು ಬಿಡಿಬಿಡಿಯಾಗಿ ವಿಂಗಡಿಸುವುದು ಇವೆಲ್ಲವೂ ‘ಬ್ರೇಕ್ ಡೌನ್’ ಎಂಬುದರ ಅರ್ಥಗಳೇ. ಕೊನೆಯ ಎರಡರಲ್ಲಿ ಕರ್ಮಪದವಿದ್ದು, ಅದು ಸರ್ವನಾಮವಾದರೆ ‘ಬ್ರೇಕ್ ಇಟ್ ಡೌನ್’ ಎಂದು ನಡುವೆಯೇ ಬರಬೇಕು. ಬರವಣಿಗೆಯಲ್ಲಿ ಕ್ರಿಯೆಯಾದರೆ ಎರಡು ಪದ, ನಾಮಪದವಾದರೆ ಒಂದೇ ಪದ. ಗುಂಡ್ಲುಪೇಟೆಯಂತಹ ಗಡಿ ತಾಲ್ಲೂಕುಗಳ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂತಹ ಫ್ರೇಸಲ್ ವರ್ಬ್‌ಗಳನ್ನು ಪಟ್ಟಿಯಾಗಿ ಬಾಯಿಪಾಠ ಮಾಡಿಸದೆ, ಅವರು ಕಂಡ ರಸ್ತೆ, ಸಂತೆ, ಹೊಲಗಳ ವಾಕ್ಯಗಳಲ್ಲಿಟ್ಟು ಶಿಕ್ಷಕರು ಕಲಿಸಬೇಕು.