ಗಲ್ಲಾಪೆಟ್ಟಿಗೆಯ ಹಣ ಯಾರದು?

‘ಇಂದು ನಗದು, ನಾಳೆ ಉದ್ರಿ’ ಎಂಬ ಫಲಕವನ್ನು ಕಿರಾಣಿ ಅಂಗಡಿಗಳಲ್ಲಿ ನೀವು ಓದಿರಬಹುದು. ಆ ಫಲಕದ ಕೆಳಗೇ ಉದ್ರಿ ಪುಸ್ತಕವೂ ಇರುತ್ತದೆ. ಇದನ್ನು ಕಂಡು ನಗಬೇಕಾದುದಿಲ್ಲ. ವಾರಕ್ಕೊಮ್ಮೆ ಬಟವಾಡೆ ಪಡೆಯುವ ಕೂಲಿಕಾರನ ಮನೆಯಲ್ಲಿ ಒಲೆ ಮಾತ್ರ ದಿನವೂ ಉರಿಯಬೇಕಷ್ಟೆ. ನಡುವಣ ದಿನಗಳನ್ನು ದಾಟಿಸುವವನು ಅಂಗಡಿಯವನೇ. ಬಡ್ಡಿಯಿಲ್ಲ, ಪತ್ರವಿಲ್ಲ, ಪರಿಚಯವೇ ಆಧಾರ. 2016ರ ನವೆಂಬರ್ 8ರಂದು 500 ಮತ್ತು 1000 ರೂಪಾಯಿಗಳ ನೋಟುಗಳು ರದ್ದಾದಾಗ ಎಷ್ಟೋ ಮನೆಗಳನ್ನು ನಡೆಸಿದ್ದು ಈ ಪುಸ್ತಕವೇ.

ಆದರೂ ಇಂಥ ಅಂಗಡಿಗಳಲ್ಲಿ ಕೆಲವು ಬಿಕರಿ ಚೆನ್ನಾಗಿರುವಾಗಲೇ ಬಾಗಿಲು ಮುಚ್ಚುವುದುಂಟು. ಏಕೆ? ಬಿಕರಿ ಬೇರೆ, ಲಾಭ ಬೇರೆ, ಕೈಯಲ್ಲಿರುವ ಹಣ ಬೇರೆ ಎಂಬುದನ್ನು ಮರೆಯುವುದರಿಂದ.

ಒಂದು ಲೆಕ್ಕವನ್ನು ಕಲ್ಪಿಸಿಕೊಳ್ಳೋಣ. ದಿನದ ಬಿಕರಿ 4,000 ರೂಪಾಯಿ. ಆ ಸಾಮಾನಿನ ಅಸಲು 3,600. ಬಾಡಿಗೆ, ದೀಪದ ಖರ್ಚು 100. ಉಳಿದ ಲಾಭ 300. ಬಿಕರಿಯಲ್ಲಿ 600 ರೂಪಾಯಿ ಉದ್ರಿಗೆ ಹೋಗಿದೆ. ಆದ್ದರಿಂದ ಪೆಟ್ಟಿಗೆಗೆ ಬಂದದ್ದು 3,400. ಖರ್ಚಿನ 100, ಮನೆಗೆಂದು ತೆಗೆದ 400 ಕಳೆದರೆ 2,900. ಅದೇ ಸಾಮಾನನ್ನು ಮತ್ತೆ ತರಲು 700 ಕೊರತೆ! ಇದರಲ್ಲಿ 600 ಗಿರಾಕಿಗಳ ಬಳಿ ಇದೆ. ವಾರದ ಕೊನೆಗೆ ಬಂದೀತು. ಇನ್ನುಳಿದ 100 ಮಾತ್ರ ಮರಳಿ ಬಾರದು. ಅದು ಮನೆಯವರು ಉಂಡ ಅಸಲು. ಪೆಟ್ಟಿಗೆ ತುಂಬಿದಂತೆಯೇ ಕಾಣುತ್ತದೆ, ಬರಿದಾಗುವುದು ಅಟ್ಟಣಿಗೆ.

ಲೆಕ್ಕಕ್ಕೆ ಬಾರದ ಇನ್ನೊಂದು ವೆಚ್ಚವಿದೆ. ಯಜಮಾನನು ಮಂಡಿಗೆ ಹೋದಾಗ ಗೃಹಿಣಿ ಅಂಗಡಿಯಲ್ಲಿ ಕುಳಿತಿರುತ್ತಾಳೆ. ಶಾಲೆಯಿಂದ ಬಂದ ಮಗ ಪೊಟ್ಟಣ ಕಟ್ಟುತ್ತಾನೆ. ಆ 300 ಲಾಭವೆನ್ನುವುದಕ್ಕಿಂತ ಮನೆಮಂದಿಯೆಲ್ಲರ ಕೂಲಿ ಎಂದರೆ ಸರಿಯಾದೀತು. ಮಗನ ಓದಿನ ಹೊತ್ತೂ ಅದರಲ್ಲಿ ಸೇರಿದೆ.

2016ರಲ್ಲಿ ಆರಂಭವಾದ ಯುಪಿಐ ಪದ್ಧತಿಯಿಂದ ಈಗ ಹಣವು ಫೋನಿನ ಮೂಲಕ ನೇರವಾಗಿ ಬ್ಯಾಂಕಿಗೆ ಸೇರುತ್ತದೆ. ಬಂದ ಹಣಕ್ಕೆ ದಾಖಲೆಯಾಯಿತು, ಲಾಭದ ಲೆಕ್ಕವಾಗಲಿಲ್ಲ. 2015ರ ಮುದ್ರಾ ಯೋಜನೆಯಲ್ಲಿ ಆಸ್ತಿಯನ್ನು ಅಡವಿಡದೆ ಸಾಲ ದೊರೆಯುವುದೂ ನಿಜ. ಆದರೆ ಅಸಲನ್ನು ಉಣ್ಣುವ ಅಂಗಡಿಗೆ ಸಾಲವು ಕೆಲವು ತಿಂಗಳ ಆಯುಸ್ಸನ್ನಷ್ಟೇ ಕೊಟ್ಟೀತು.

ಮಾಡಬೇಕಾದುದು ಸರಳ. ಮನೆಗೆಂದು ದಿನಕ್ಕೆ ಇಷ್ಟೇ ಎಂದು ಗೊತ್ತುಮಾಡಿ ಬೇರೆ ಡಬ್ಬಿಯಲ್ಲಿಡಬೇಕು. ಅಂಗಡಿಯಿಂದ ಮನೆಗೆ ಒಯ್ದ ಬೇಳೆ ಬೆಲ್ಲವನ್ನೂ ಬರೆಯಬೇಕು. ಉದ್ರಿಗೆ ಮನೆಗೊಂದು ಮಿತಿ ಇರಬೇಕು. ನೆರೆಯವರ ಸಾಲವನ್ನು ಇಷ್ಟು ಅಚ್ಚುಕಟ್ಟಾಗಿ ಬರೆದಿಡುವ ಕೈಗೆ ತನ್ನ ಮನೆಯ ಬಾಕಿಯನ್ನು ಬರೆಯುವುದು ಕಷ್ಟವಲ್ಲ. ಆ ಪುಸ್ತಕದಲ್ಲಿ ಒಂದು ಪುಟ ಅಂಗಡಿಯವನ ಹೆಸರಿನಲ್ಲೂ ಇರಲಿ.