ತೇರಿನ ಹಗ್ಗವೂ ಬೀದಿಯ ಗೋಡೆಯೂ

ಮಾಘಮಾಸದ ಭರತಹುಣ್ಣಿಮೆ ಸಮೀಪಿಸಿತೆಂದರೆ ಧಾರವಾಡ, ಬೆಳಗಾವಿ, ಹಾವೇರಿ ಸೀಮೆಗಳ ಹಾದಿಗಳಲ್ಲಿ ಒಂದು ಚಿತ್ರಶಾಲೆಯೇ ಸಂಚಾರ ಹೊರಡುತ್ತದೆ. ಅದಕ್ಕೆ ಗೋಡೆಗಳಿಲ್ಲ, ಪ್ರವೇಶಶುಲ್ಕವಿಲ್ಲ. ಬಣ್ಣ ಬಳಿದ ಕೊಂಬು, ಕೊರಳಿಗೆ ಗೆಜ್ಜೆಸರ, ಬೆನ್ನಿಗೆ ಚಿತ್ತಾರದ ಜೂಲ. ಹೀಗೆ ಸಿಂಗಾರಗೊಂಡ ಎತ್ತುಗಳು ಚಕ್ಕಡಿಗಳನ್ನೆಳೆಯುತ್ತ ಜೋಯಿಡಾ ತಾಲೂಕಿನ ಅಡವಿಯೊಳಗಿನ ಉಳವಿಯತ್ತ ಸಾಗುತ್ತವೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಕ್ರಾಂತಿಯ ಅನಂತರ ಶರಣರೊಡನೆ ಇಲ್ಲಿಗೆ ಬಂದು ಐಕ್ಯರಾದರೆಂದು ಜನ ನಂಬಿರುವ ಚನ್ನಬಸವಣ್ಣನವರ ಜಾತ್ರೆ ಅದು.

ಸಾರ್ವಜನಿಕ ಕಲೆಯೆಂದೊಡನೆ ನಗರವಾಸಿಗಳಾದ ನಮಗೆ ನೆನಪಾಗುವುದು ವೃತ್ತದ ನಡುವಿನ ಪ್ರತಿಮೆ, ಇಲ್ಲವೆ ಮೇಲ್ಸೇತುವೆಯ ಕಂಬದ ಮೇಲಿನ ಚಿತ್ರ. ನಮ್ಮ ಬಡಾವಣೆಯಲ್ಲಿಯೂ ಒಮ್ಮೆ ಉದ್ಯಾನದ ಗೋಡೆಗೆ ಚಿತ್ರ ಬರೆಸಿದರು. ನವಿಲು ಸೊಗಸಾಗಿಯೇ ಇತ್ತು. ಆರು ತಿಂಗಳಲ್ಲಿ ಅದರ ಗರಿಯ ಮೇಲೆ ಮನೆಪಾಠದ ಭಿತ್ತಿಪತ್ರವೊಂದು ಅಂಟಿಕೊಂಡಿತು. ದಿನವೂ ಅತ್ತಲೇ ನಡೆದುಹೋಗುವ ಯಾರೂ ಅದನ್ನು ಕೀಳಲಿಲ್ಲ. ನಿಜ ಹೇಳಬೇಕೆಂದರೆ, ನಾನೂ ಕೀಳಲಿಲ್ಲ. ಏಕೆ? ಆ ನವಿಲು ನಮ್ಮದೆಂದು ನಮಗೆ ಎಂದೂ ಅನ್ನಿಸಿರಲಿಲ್ಲ!

ಉಳವಿಯ ತೇರಿನ ಮಾತು ಬೇರೆ. ಬಡಿಗನು ಕೆತ್ತಿರಬಹುದು, ಕಮ್ಮಾರನು ಅಚ್ಚು ಬಿಗಿದಿರಬಹುದು. ಆದರೆ ಹಗ್ಗಕ್ಕೆ ಕೈಹಚ್ಚಿದ ಪ್ರತಿಯೊಬ್ಬನಿಗೂ ಆ ತೇರು ತನ್ನದು. ಹಗ್ಗ ಹಿಡಿದಾಗ ಪಕ್ಕದವನ ಊರು, ಹೆಸರು ಕೇಳುವವರಿಲ್ಲ; ಎಲ್ಲರೂ ಒಂದೇ ಹೆಜ್ಜೆ ಹಾಕದೆ ಗಾಲಿ ಉರುಳುವುದೂ ಇಲ್ಲ.

ಚಂಡೀಗಢದ ನೇಕ್ ಚಂದರ ಕಥೆಯೂ ಇದನ್ನೇ ಹೇಳುತ್ತದೆ. ಒಡೆದ ಬಳೆ, ಪಿಂಗಾಣಿ ಚೂರುಗಳಿಂದ ಅವರು ಗುಟ್ಟಾಗಿ ಕಟ್ಟಿದ ಶಿಲೋದ್ಯಾನ 1976ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಮುಂದೆ 1990ರ ಹೊತ್ತಿಗೆ ರಸ್ತೆಗಾಗಿ ಅದರ ಒಂದು ಭಾಗವನ್ನು ಕೆಡವಲು ಯಂತ್ರಗಳು ಬಂದಾಗ, ಊರಿನ ಜನ ಕೈಗೆ ಕೈ ಜೋಡಿಸಿ ಅಡ್ಡ ನಿಂತರು. ತಮ್ಮದೆನ್ನಿಸಿದ ಕಲೆಯನ್ನು ಜನ ಕಾಯುತ್ತಾರೆ. ಕಾಯುತ್ತ ಕಾಯುತ್ತ ತಾವೂ ಒಂದಾಗುತ್ತಾರೆ.

ತಮ್ಮದೆಂಬ ಭಾವ ಬತ್ತಿದರೆ ಏನಾಗುವುದೆಂಬುದಕ್ಕೆ ಉತ್ತರಕನ್ನಡದ ಕಾವಿಕಲೆಯೇ ಸಾಕ್ಷಿ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಬಳಿದು, ಹಸಿಯಿರುವಾಗಲೇ ಮೊನೆಯಿಂದ ಕೆರೆದು ಕೆಳಗಿನ ಬಿಳುಪನ್ನು ಹೊರತರುವ ವಿದ್ಯೆ ಅದು. ಶಿರಸಿಯ ಮಾರಿಕಾಂಬಾ ದೇಗುಲದ ಚಿತ್ತಾರಗಳು ಅದಕ್ಕೆ ಹೆಸರಾದವು. ಆದರೆ ಜೀರ್ಣೋದ್ಧಾರದ ಹೆಸರಿನಲ್ಲಿ ಕರಾವಳಿಯ ಅನೇಕ ದೇಗುಲಗಳ ಕಾವಿಗೋಡೆಗಳು ನೆಲಕ್ಕುರುಳಿವೆ. ಅವನ್ನು ಕೆಡವಿದವರು ಪರಕೀಯರಲ್ಲ, ನಾವೇ.

ಹಾಗೆಂದು ನಗರದ ಬೀದಿಗೆ ತೇರು ತರಬೇಕಾಗಿಲ್ಲ. ಮುಂದಿನ ಸಲ ಬಡಾವಣೆಯ ಗೋಡೆಗೆ ಬಣ್ಣ ಹಚ್ಚುವಾಗ ಕಲಾವಿದನು ರೇಖೆ ಎಳೆಯಲಿ. ಬಣ್ಣ ತುಂಬುವ ಕೆಲಸ ನೆರೆಹೊರೆಯ ಮಕ್ಕಳಿಗೂ ಅಜ್ಜಿಯರಿಗೂ ಇರಲಿ. ಕುಂಚ ಅತ್ತಿತ್ತ ಜಾರಿದರೆ ಜಾರಲಿ.

ಮೊನ್ನೆ ಮಳೆಗೆ ಆ ಭಿತ್ತಿಪತ್ರ ತಾನಾಗಿಯೇ ಕಳಚಿಬಿತ್ತು. ಜೊತೆಗೆ ನವಿಲಿನ ಅರ್ಧ ಗರಿಯೂ ಹೋಯಿತು. ಉಳಿದರ್ಧವನ್ನು ತುಂಬಲು ಬಣ್ಣದ ಡಬ್ಬಿಯೊಂದನ್ನು ತಂದಿಟ್ಟಿದ್ದೇನೆ. ಭಾನುವಾರ ಎದುರುಮನೆಯವರನ್ನೂ ಕರೆಯಬೇಕು. ಹತ್ತು ವರ್ಷಗಳಿಂದ ನೆರೆಯಲ್ಲಿದ್ದರೂ ಅವರ ಹೆಸರನ್ನು ನಾನಿನ್ನೂ ಕೇಳಿಲ್ಲ.