ಸೊನ್ನೆ ತುಂಬುವ ಮುನ್ನ ಉದ್ದ ಅಳೆಯಿರಿ



ಸಕಲೇಶಪುರ ತಾಲೂಕಿನ ಹೆತ್ತೂರು ಹೋಬಳಿಯ ಒಂದು ಹಳ್ಳಿಯ ಸರ್ವೆ ನಂಬರುಗಳನ್ನು ನೀವು ಗಣಕಯಂತ್ರಕ್ಕೆ ಊಡಿದ್ದೀರಿ ಎಂದುಕೊಳ್ಳಿ. ಕ್ರಮವಾಗಿ ಜೋಡಿಸಲು ಹೇಳಿದರೆ ಅದು 1, 10, 100, 2, 20 ಎಂದು ಕೊಡಬಹುದು. ಯಂತ್ರ ಕೆಟ್ಟಿಲ್ಲ. ನಂಬರನ್ನು ಪಠ್ಯವಾಗಿ ಶೇಖರಿಸಿದಾಗ ಅದು ನಿಘಂಟಿನ ಪದಗಳಂತೆ ಎಡದಿಂದ ಒಂದೊಂದೇ ಚಿಹ್ನೆಯನ್ನು ಹೋಲಿಸುತ್ತದೆ, ಅಷ್ಟೆ.

ಹಾಗಾದರೆ ಪಠ್ಯವಾಗಿ ಏಕೆ ಶೇಖರಿಸಬೇಕು? 2000ನೇ ಇಸವಿಯ ಆಸುಪಾಸಿನಲ್ಲಿ 'ಭೂಮಿ' ಯೋಜನೆಯಡಿ ಗಣಕೀಕೃತವಾದ ನಮ್ಮ ಪಹಣಿಯನ್ನೇ ನೋಡಿ. ಸರ್ವೆ ನಂಬರಿನ ಜೊತೆಗೆ ಸರ್ನೋಕ್, ಹಿಸ್ಸಾ ಎಂಬ ಭಾಗಗಳೂ ಇವೆ. ಸರ್ನೋಕ್ ಜಾಗದಲ್ಲಿ ನಕ್ಷತ್ರ ಚಿಹ್ನೆ, ಹಿಸ್ಸಾದಲ್ಲಿ ಅಂಕಿಯೊಡನೆ ಅಕ್ಷರ ಬರುವುದುಂಟು. ಇವನ್ನು ಬರೀ ಸಂಖ್ಯೆಯಾಗಿ ಇಡಲಾಗದು.

ಇದಕ್ಕೆ ಪರಿಹಾರ ಸುಲಭ. ಎಡಕ್ಕೆ ಸೊನ್ನೆ ತುಂಬಿ ಎಲ್ಲವನ್ನೂ ಒಂದೇ ಉದ್ದಕ್ಕೆ ತನ್ನಿ: 001, 002, 010, 020, 100. ಈಗ ಕ್ರಮ ಸರಿಯಾಯಿತು. ಒರೇಕಲ್, ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್‌ಗಳಲ್ಲಿ ಈ ಕೆಲಸಕ್ಕೆ 'ಎಲ್‌ಪ್ಯಾಡ್' ಎಂಬ ಆದೇಶವಿದೆ. ಬಲಕ್ಕೆ ತುಂಬಲು 'ಆರ್‌ಪ್ಯಾಡ್'. ಮೂಲ ಪಠ್ಯ, ಬೇಕಾದ ಉದ್ದ, ತುಂಬುವ ಚಿಹ್ನೆ, ಈ ಮೂರನ್ನು ಕೊಟ್ಟರೆ ಸಾಕು.

ಆದರೆ ಎಚ್ಚರ! ತುಂಬುವ ಈ ಆದೇಶ ಕತ್ತರಿಸಲೂ ಬಲ್ಲದು. ಮೂರು ಸ್ಥಾನ ಸಾಕೆಂದು ನೀವು ಬರೆದ ಪ್ರಶ್ನೆಗೆ 1204 ಎಂಬ ನಂಬರು ಸಿಕ್ಕರೆ, ಯಂತ್ರ ಕೊನೆಯ ಅಂಕಿಯನ್ನು ಸದ್ದಿಲ್ಲದೆ ಬಿಟ್ಟು 120 ಎನ್ನುತ್ತದೆ. ದೋಷದ ಸೂಚನೆಯೂ ಬರುವುದಿಲ್ಲ. 120 ಬೇರೊಬ್ಬ ರೈತನ ಜಮೀನಲ್ಲವೇ?

ಕನ್ನಡ ಹೆಸರುಗಳಲ್ಲಿ ಇನ್ನೊಂದು ತೊಡಕಿದೆ. 'ಹೆತ್ತೂರು' ನಮ್ಮ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್‌ನಲ್ಲಿ ಮಾತ್ರ ವ್ಯಂಜನ, ವಿರಾಮ, ಸ್ವರಚಿಹ್ನೆಗಳು ಬೇರೆಬೇರೆಯಾಗಿ ಲೆಕ್ಕಕ್ಕೆ ಬಂದು ಎಂಟಾಗುತ್ತವೆ. ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್‌ಗಳು ಎಣಿಸುವುದು ಈ ಎಂಟನ್ನೇ. ಐದು ಸಾಕೆಂದು ನೀವು ಹೇಳಿದರೆ ಉಳಿಯುವುದು 'ಹೆತ್ತ'. ಊರು ಹೋಗಿ ಬೇರೆಯೇ ಮಾತಾಯಿತು!

ಆದ್ದರಿಂದ ಮೂರು ನಿಯಮಗಳನ್ನು ನೆನಪಿಡಿ. ಮೊದಲು ಅಂಕಣದಲ್ಲಿರುವ ಅತಿ ಉದ್ದದ ಪಠ್ಯವನ್ನು ಅಳೆದು, ಅದಕ್ಕಿಂತ ಕಡಿಮೆಯಿಲ್ಲದ ಉದ್ದವನ್ನೇ ಕೊಡಿ. ತುಂಬಿದ ರೂಪವನ್ನು ಜೋಡಣೆಗೆ, ಮುದ್ರಣಕ್ಕೆ ಮಾತ್ರ ಬಳಸಿ, ಮೂಲವನ್ನು ಹಾಗೆಯೇ ಉಳಿಸಿಕೊಳ್ಳಿ. ಹುಡುಕುವಾಗ ಎರಡೂ ಕಡೆ ಒಂದೇ ರೂಪವಿರಲಿ, ಏಕೆಂದರೆ ಪಠ್ಯವಾಗಿ ನೋಡುವ ಯಂತ್ರಕ್ಕೆ 7 ಮತ್ತು 007 ಒಂದೇ ಅಲ್ಲ.

ನಿಮ್ಮ ಕಾಲೇಜಿನ ಗಣಕದಲ್ಲಿ ನಿಮ್ಮೂರಿನ ಹೆಸರನ್ನೇ ಕೊಟ್ಟು ಪರೀಕ್ಷಿಸಿ. ಯಂತ್ರ ಎಷ್ಟೆಂದು ಎಣಿಸುತ್ತದೆ, ನೀವು ಎಷ್ಟೆಂದು ಎಣಿಸುತ್ತೀರಿ, ಹೋಲಿಸಿ ನೋಡಿ.